ಗೋಡೆಗೆ ಮೂರು ಮಾರ್ಕು, ಚಾವಣಿಗೆ ಐದು

ಹೋಟೆಲ್ ಬಗ್ಗೆ ಬರೆಯುವವರು ಒಂದು ಸಲ ಉಂಡು, ಬಿಲ್ ಕೊಟ್ಟು, ಮನೆಗೆ ಬಂದು ಬರೆಯುತ್ತಾರೆ. ನಾನು ಬರೆಯುತ್ತಿರುವ ಜಾಗಕ್ಕೆ ಏಳು ವರ್ಷದ ಗಿರಾಕಿ. ಬಳ್ಳಾರಿಯ ಒಂದು ಆಸ್ಪತ್ರೆ, ಅದರ ಮಕ್ಕಳ ವಾರ್ಡು. ಹೆಸರು ಬರೆಯಲ್ಲ. ಅಲ್ಲಿ ನನಗೆ ಇನ್ನೂ ಬಹಳ ವರ್ಷದ ಕೆಲಸ ಇದೆ.

ಮಗಳಿಗೆ ಈಗ ಎಂಟು. ಥಲಸ್ಸೀಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗಲ್ಲ, ಅದಕ್ಕೆ ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಬೇಕು. ಒಂದು ಚೀಲ ಇಳಿಯಲು ಮೂರರಿಂದ ನಾಲ್ಕು ಗಂಟೆ. ಪರೀಕ್ಷೆ, ಕ್ರಾಸ್ ಮ್ಯಾಚ್ (ಆ ರಕ್ತ ಇವಳಿಗೆ ಹೊಂದುತ್ತದಾ ಅಂತ ನೋಡೋದು), ಸರದಿ ಎಲ್ಲ ಸೇರಿದರೆ ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವರು ಬಿಸಿಲು ಇಳಿದ ಮೇಲೆ ಹೊರಗೆ. ನಾನು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಅವತ್ತು ರಜೆ ಹಾಕಿ ನಾನೇ ಹೋಗುತ್ತೇನೆ. ಸೂಜಿ ಚುಚ್ಚುವುದನ್ನು ಅವಳ ಅಮ್ಮ ನೋಡಲಾರಳು.

ಈ ವರ್ಷ ಯುಗಾದಿ ಕಳೆದ ಮೇಲೆ ಆ ವಾರ್ಡಿಗೆ ಹೊಸ ಚಿತ್ರಗಳು ಬಂದವು. ಊರವರಿಂದ ದುಡ್ಡು ಎತ್ತಿ ಬರೆಸಿದ್ದು. ಅವುಗಳ ಕೆಳಗೆ ಏಳು ಸಲ ಕೂತೆದ್ದಿದ್ದೇನೆ. ಇನ್ನು ಹೇಳಬಹುದು ಅನ್ನಿಸಿತು.

ಮೊದಲು ಹಳೆಯ ಗೋಡೆ ಹೇಗಿತ್ತು ಅಂತ ಹೇಳಬೇಕು. ಬಾಗಿಲ ಪಕ್ಕ ಒಬ್ಬ ಜೋಕರ್. ಕೆಂಪು ಮೂಗು, ದೊಡ್ಡ ಬಾಯಿ, ನೇರ ನಮ್ಮನ್ನೇ ನೋಡುವ ಕಣ್ಣು. ಆಚೆ ಕಡೆ ಛೋಟಾ ಭೀಮ್, ಒಂದು ತೋಳು ಉದ್ದ, ಒಂದು ಗಿಡ್ಡ. ಅದರ ಕೆಳಗೆ ದಾನಿಗಳ ಹೆಸರು, ಭೀಮನಿಗಿಂತ ದಪ್ಪ ಅಕ್ಷರದಲ್ಲಿ. ಮಗಳು ಎರಡು ವರ್ಷದವಳಿದ್ದಾಗ ಜೋಕರ್ ಹತ್ತಿರ ಬಂದ ತಕ್ಷಣ ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸುತ್ತಿದ್ದಳು. ಸೂಜಿ ಭಯ ಅಂದುಕೊಂಡಿದ್ದೆ. ಆಮೇಲೆ ಮೊಬೈಲಿನಲ್ಲಿ ಓದಿದೆ (ನಾಲ್ಕು ಗಂಟೆ ಇನ್ನೇನು ಮಾಡೋದು). ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ನಾಲ್ಕರಿಂದ 16 ವರ್ಷದ 250ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಯ ಅಲಂಕಾರ ಹೇಗಿರಬೇಕು ಅಂತ ಕೇಳಿದ್ದರಂತೆ. 2008ರಲ್ಲಿ ಸುದ್ದಿಯಾಯಿತು. ಜೋಕರ್ ಚಿತ್ರ ಮಕ್ಕಳಿಗೆ ಬೇಡವೇ ಬೇಡ. ದೊಡ್ಡ ಹುಡುಗರಿಗೂ ಅದನ್ನು ಕಂಡರೆ ಹೆದರಿಕೆ. ನಮ್ಮ ಜೋಕರ್‌ಗೆ ದುಡ್ಡು ಕೊಟ್ಟವರು ಒಂದು ಮಗುವನ್ನಾದರೂ ಕೇಳಿದ್ದರೆ ಆಗುತ್ತಿತ್ತು.

ಈಗ ಹೊಸದಕ್ಕೆ ದುಡ್ಡು ಹೇಗೆ ಬಂತು ಅಂದರೆ, ಇಲ್ಲಿನ ಒಂದು ಶಾಲೆಯ ಹಾಲಿನಲ್ಲಿ ಎರಡು ದಿನ ಚಿತ್ರ ಮಾರಾಟ ಇಟ್ಟರು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಚಿತ್ರಗಾರರು ಒಂದೊಂದು ಎರಡೆರಡು ಚಿತ್ರ ತಂದಿದ್ದರು. ಮಾರಿದ್ದರಲ್ಲಿ ಬರೆದವರಿಗೆ ಒಂದು ಪಾಲು, ಉಳಿದದ್ದು ವಾರ್ಡಿಗೆ. ಈ ಪಾಲಿನ ವಿಷಯ ನನಗೆ ಬಹಳ ಹಿಡಿಸಿತು. ಪುಣ್ಯದ ಕೆಲಸ ಅಂತ ಹೇಳಿ ಕೈಕೆಲಸದವನ ಕೂಲಿ ನುಂಗುವುದು ನಮ್ಮ ಊರಲ್ಲಿ ಹೊಸದಲ್ಲ. ನಾನು 500 ರೂಪಾಯಿಗೆ ಒಂದು ಸಣ್ಣ ಅಚ್ಚಿನ ಚಿತ್ರ ತೆಗೆದುಕೊಂಡೆ, ಹಿರೇಬೆಣಕಲ್ಲಿನ ಕಲ್ಲುಮನೆಗಳದ್ದು. ಹೆಂಡತಿ ಅದನ್ನು ಇನ್ನೂ ಗೋಡೆಗೆ ಹಾಕಿಲ್ಲ. ‘ಸಮಾಧಿ ಚಿತ್ರ ಮನೆಯಲ್ಲಿ ಯಾಕೆ’ ಅಂತ. ಅದೂ ನಿಜ, ಅವು ಸಮಾಧಿಗಳೇ.

ನಮ್ಮ ಸಾವ್ಕಾರರೂ ಬಂದಿದ್ದರು. ದೊಡ್ಡ ಚಿತ್ರ ಒಂದನ್ನು ಆಫೀಸಿಗೆ ಅಂತ ತೆಗೆದುಕೊಂಡು, ‘80ಜಿ ರಸೀದಿ ಕೊಡ್ರಿ’ ಅಂದರು, ದಾನಕ್ಕೆ ತೆರಿಗೆ ರಿಯಾಯಿತಿ ಸಿಗುವ ರಸೀದಿ. ಲೆಕ್ಕ ನೋಡುತ್ತಿದ್ದ ಮೇಷ್ಟ್ರು ನಯವಾಗಿ ಹೇಳಿದರು: ‘ಸಾರ್, ಚಿತ್ರ ತಗೊಂಡ್ರೆ ಅದು ಖರೀದಿ. ಸುಮ್ನೆ ಕೊಟ್ರೆ ದಾನ.’ ದಾನಕ್ಕಾದರೂ 2,000 ರೂಪಾಯಿ ಮೇಲೆ ನಗದು ಕೊಟ್ಟರೆ ತೆರಿಗೆಯಲ್ಲಿ ಲೆಕ್ಕಕ್ಕೆ ಬರಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ರಿಯಾಯಿತಿಯೇ ಇಲ್ಲ. ಸಾವ್ಕಾರರು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡುತ್ತಾ ನಿಂತರು. ಆಮೇಲೆ ತೆಗೆದುಕೊಂಡರು. ಆ ಎರಡು ದಿನದಲ್ಲಿ ನನಗೆ ಅತಿ ಖುಷಿ ಕೊಟ್ಟ ದೃಶ್ಯ ಅದು.

ಈ ಉಪಾಯ ಹಳೆಯದೇ ಅಂತೆ. ಲಂಡನ್ನಿನಲ್ಲಿ 1739ರಲ್ಲಿ ಶುರುವಾದ ಫೌಂಡ್ಲಿಂಗ್ ಹಾಸ್ಪಿಟಲ್ ಅಂತ ಒಂದಿತ್ತು. ಹೆಸರಿಗೆ ಹಾಸ್ಪಿಟಲ್, ನಿಜಕ್ಕೆ ದಿಕ್ಕಿಲ್ಲದ ಮಕ್ಕಳ ಮನೆ. ವಿಲಿಯಂ ಹೋಗಾರ್ತ್ ಎಂಬ ಚಿತ್ರಗಾರ ಅಲ್ಲಿಗೆ ತಾನೂ ಚಿತ್ರ ಕೊಟ್ಟ, ಜೊತೆಯವರಿಂದಲೂ ಕೊಡಿಸಿದ. ಚಿತ್ರ ನೋಡಲು ಉಳ್ಳವರು ಬಂದರು. ಬಂದವರು ಮಕ್ಕಳನ್ನೂ ನೋಡಿದರು, ಕೈ ಬಿಚ್ಚಿದರು.

ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಮೊದಲು ಅಡ್ಡ ಮಾತಾಡಿದವನು ನಾನೇ. ವಾರ್ಡಿನ ತಂದೆತಾಯಿಯರನ್ನು ಕೂರಿಸಿ ಕೇಳಿದಾಗ ನಾನು ಎದ್ದು ಹೇಳಿದೆ, ‘ಬಣ್ಣ ಯಾಕೆ, ಫಿಲ್ಟರ್ ಕೊಡಿಸಿ’ ಅಂತ. ರಕ್ತದಲ್ಲಿನ ಬಿಳಿ ಕಣ ಸೋಸುವ ಫಿಲ್ಟರ್ ಅದು. ಹಾಕಿದರೆ ಜ್ವರ, ನಡುಕ ಕಡಿಮೆ. ಸಲ ಸಲಕ್ಕೂ ರಕ್ತ ಹಾಕಿಸಿಕೊಳ್ಳುವ ಮಕ್ಕಳಿಗೆ ಮೈಯಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತದೆ, ಅದನ್ನು ಹೊರಹಾಕುವ ಮಾತ್ರೆ ದಿನಾ ಬೇಕು. ಆ ತಿಂಗಳು ಮಾತ್ರೆ ಸ್ಟಾಕ್ ಇರಲಿಲ್ಲ, ಹೊರಗೆ ತರುತ್ತಿದ್ದೆವು. ಅಂಥ ಹೊತ್ತಲ್ಲಿ ಗೋಡೆಗೆ ಬಣ್ಣ ಅಂದರೆ ಸಿಟ್ಟು ಬರುತ್ತದೆ, ಅಲ್ವಾ? ನನ್ನ ಮಾತಿಗೆ ಯಾರೂ ಎದುರಾಡಲಿಲ್ಲ. ಸಿರುಗುಪ್ಪ ಕಡೆಯ ಒಬ್ಬ ಅಜ್ಜಿ ಮಾತ್ರ, ‘ತಮ್ಮಾ, ಫಿಲ್ಟರ್ ಹಾಕಿದ ಮ್ಯಾಲೂ ನಾಕು ತಾಸು ಕೂಸು ಎಲ್ಲಿ ನೋಡ್ಬೇಕು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಫಿಲ್ಟರ್ ಮೊದಲು ಅಂತಲೇ ಹೇಳುತ್ತೇನೆ. ಆದರೆ ನಮ್ಮ ಸಾವ್ಕಾರರು ಫಿಲ್ಟರಿಗೆ ದುಡ್ಡು ಕೊಟ್ಟವರಲ್ಲ, ಕೊಡುವವರೂ ಅಲ್ಲ. ಚಿತ್ರಕ್ಕೆ ಕೊಟ್ಟರು. ಆ ದುಡ್ಡು ಫಿಲ್ಟರಿನ ದುಡ್ಡಿನಿಂದ ಕಿತ್ತದ್ದಲ್ಲ.

ಕೆಲಸ ಹಿಡಿದದ್ದು ಚಿತ್ರಕಲೆ ಓದಿದ ಒಬ್ಬ ಹುಡುಗಿ, ಜೊತೆಗೆ ಮೂವರು ಹುಡುಗರು. ಮಾಡರ್ನ್ ಆರ್ಟ್ ಅಂದರು. ನನಗೆ ಎದೆ ಧಸಕ್ ಅಂತು. ಅಡ್ಡ ಗೆರೆ, ಉದ್ದ ಗೆರೆ ಎಳೆದು ‘ಇದು ನೋವು’ ಅಂತ ಬರೆದುಬಿಟ್ಟರೆ? ಆದರೆ ಆ ಹುಡುಗಿ ಮೊದಲ ದಿನ ಬ್ರಷ್ ಮುಟ್ಟಲಿಲ್ಲ. ಖಾಲಿ ಇದ್ದ ಎರಡನೇ ಮಂಚದ ಮೇಲೆ ಮಲಗಿಬಿಟ್ಟಳು. ಹತ್ತು ನಿಮಿಷ. ಆಮೇಲೆ ನನ್ನ ಕಡೆ ತಿರುಗಿ, ‘ಅಣ್ಣಾ, ಇಲ್ಲಿಂದ ಗೋಡೆ ಕಾಣ್ಸೋದೇ ಇಲ್ಲ. ಫ್ಯಾನು, ಟ್ಯೂಬ್‌ಲೈಟು, ಜೇಡರಬಲೆ, ಅಷ್ಟೇ’ ಅಂದಳು.

ಏಳು ವರ್ಷ ಆ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತವನು ನಾನು. ಒಂದು ಸಲವೂ ಮಲಗಿ ನೋಡಿರಲಿಲ್ಲ.

ನ್ಯೂಯಾರ್ಕಿನ ಡಯಾನ್ ಬ್ರೌನ್ ಎಂಬಾಕೆಯ ವಿಷಯವನ್ನು ಈ ಹುಡುಗಿಯೇ ಹೇಳಿದ್ದು. ಆಕೆ ಸಿಟಿ ಸ್ಕ್ಯಾನ್ ಮಾಡಿಸಲು ಮಲಗಿದ್ದಾಗ ಭಯ ಮರೆಯಲು ಮೇಲೆ ಒಂದು ಚಿತ್ರ ಇದೆ ಅಂತ ಕಲ್ಪಿಸಿಕೊಂಡರಂತೆ. ಆ ಯೋಚನೆಯಿಂದ 2000ದಲ್ಲಿ ಆರ್‌ಎಕ್ಸ್‌ಆರ್ಟ್ ಎಂಬ ಸಂಸ್ಥೆ ಹುಟ್ಟಿತು. ದಾನದ ದುಡ್ಡಲ್ಲಿ ಮಕ್ಕಳ ಆಸ್ಪತ್ರೆಗಳಿಗೆ ಈಗಿನ ದೊಡ್ಡ ಕಲಾವಿದರಿಂದ ಕೆಲಸ ಮಾಡಿಸುತ್ತದೆ. 2010ರಲ್ಲಿ ಶಿಕಾಗೊ ಹತ್ತಿರದ ಓಕ್ ಲಾನ್ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಜೆಫ್ ಕೂನ್ಸ್ ಗೋಡೆಯ ಜೊತೆ ಸಿಟಿ ಸ್ಕ್ಯಾನ್ ಮಷೀನಿಗೂ ಕೋತಿ ಚಿತ್ರ ಹಾಕಿದ. ಕೋಟಿಗಟ್ಟಲೆ ಡಾಲರಿಗೆ ಕೆಲಸ ಮಾರುವ ಮನುಷ್ಯ. ನಮ್ಮ ಹುಡುಗಿಗೆ ಸಿಕ್ಕ ದುಡ್ಡಿನಲ್ಲಿ ಕೂನ್ಸ್‌ನ ಬ್ರಷ್ಷೂ ಬರಲಿಕ್ಕಿಲ್ಲ. ಇರಲಿ.

ಅವಳು ಚಾವಣಿಗೆ ತುಂಗಭದ್ರೆ ಬರೆದಳು. ದಡದಲ್ಲಿ ನಿಂತು ನೋಡಿದ ಹೊಳೆ ಅಲ್ಲ, ನೀರಿನ ತಳದಲ್ಲಿ ಮಲಗಿ ಮೇಲೆ ನೋಡಿದರೆ ಕಾಣುವ ಹೊಳೆ. ಪ್ರತಿ ಮಂಚದ ಮೇಲೂ ಒಂದು ಹರಗೋಲಿನ ಅಡಿ. ದುಂಡಗೆ, ಹೆಣಿಗೆ ಕಾಣುವ ಹಾಗೆ. ಒಂದರ ಹೆಣಿಗೆ ಇನ್ನೊಂದಕ್ಕಿಲ್ಲ. ಅಂಚಿನಿಂದ ಒಂದು ಹುಟ್ಟು ನೀರಿಗೆ ಇಳಿದಿದೆ, ಒಂದು ಕಡೆ ಯಾರದೋ ಮಗುವಿನ ಐದು ಬೆರಳು. ಮೀನುಗಳಿಗೆ ಬಣ್ಣ ತುಂಬಿಲ್ಲ, ಬರೀ ಗೆರೆ. ಆ ಗೆರೆಗಳನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಹಾಸಿದ ಬಟ್ಟೆ ಮೇಲೆ ಚಾಕ್ ಎಳೆಯುವ ಕೈಗೆ ಗೊತ್ತಾಗುತ್ತದೆ, ಅಷ್ಟು ಉದ್ದದ ಬಾಗು ಗೆರೆಯನ್ನು ಕತ್ತು ಮೇಲೆತ್ತಿ, ನಡುವೆ ನಿಲ್ಲಿಸದೆ ಎಳೆಯುವುದು ಅಂದರೆ ಏನು ಅಂತ.

ಮೂಲೆಯಲ್ಲಿ ಎರಡು ನೀರುನಾಯಿ. ನಮ್ಮ ಹೊಳೆಯಲ್ಲಿ ನೀರುನಾಯಿ ಇರುವುದು ನನಗೆ ಗೊತ್ತೇ ಇರಲಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲೇ ಅವುಗಳಿಗೆ ಮೀಸಲಿಟ್ಟಿದೆಯಂತೆ. ಮಗಳು ಈಗ ಮಂಚಕ್ಕೆ ನಂಬರ್ ಹೇಳಲ್ಲ. ‘ಅಪ್ಪಾ, ಇವತ್ತು ನೀರುನಾಯಿ ಮಂಚ ಸಿಗ್ತದಾ?’ ಅನ್ನುತ್ತಾಳೆ. ಒಟ್ಟು ಮೀನು ಎಷ್ಟು ಅಂತ ಪ್ರತಿ ಸಲ ಎಣಿಸುತ್ತಾಳೆ. ಒಂದು ಸಲ 58, ಒಂದು ಸಲ 63. ಹುಡುಗಿಯನ್ನು ಕೇಳಿದೆ, ಸರಿಯಾದ ಲೆಕ್ಕ ಹೇಳಲಿಲ್ಲ.

ಚಾವಣಿಗೆ ಬರೆಯುವುದು ಅಮೆರಿಕದವರಿಂದ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಹಂಪಿ ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದವರೇ ನಾವೆಲ್ಲ. ಮೀನಿಗೆ ಗುರಿ ಇಟ್ಟ ಅರ್ಜುನ, ಪಲ್ಲಕ್ಕಿಯಲ್ಲಿ ಹೊರಟ ವಿದ್ಯಾರಣ್ಯರು. ಅಲ್ಲಿ ಮಲಗಲು ಬಿಡಲ್ಲ, ಅಷ್ಟೇ ಕೊರತೆ. ಚಾವಣಿಗೆ ಐದಕ್ಕೆ ಐದು.

ಗೋಡೆಗೆ ಮೂರು. ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಮಕ್ಕಳ ಎತ್ತರಕ್ಕೆ ಅಂತ ನೆಲದಿಂದ ಮೂರು ಅಡಿವರೆಗೆ ಮೇಕೆ, ಕೋಳಿ, ಕೃಷ್ಣಮೃಗ ಬರೆದಿದ್ದಾರೆ. ಬಣ್ಣ ಕಿನ್ನಾಳದ ಗೊಂಬೆಗಳ ಥರ, ಕೆಂಪು ಹಳದಿ ಹಸಿರು, ಹೊಳೆಯುವ ಹಾಗೆ. ಚೆನ್ನಾಗಿತ್ತು. ಆದರೆ ಆಸ್ಪತ್ರೆ ಗೋಡೆಯನ್ನು ದಿನಾ ಹೈಪೋ ದ್ರಾವಣದಿಂದ ಒರೆಸುತ್ತಾರೆ, ಸೋಂಕು ತಡೆಯಲು. ನಮ್ಮ ವಾಶಿಂಗ್ ಯೂನಿಟ್ಟಿನಲ್ಲಿ ಜೀನ್ಸ್ ಬಣ್ಣ ಬಿಳಿಚಿಸಲು ಹಾಕುವ ಬ್ಲೀಚ್ ಕೂಡ ಅದೇ ಸೋಡಿಯಂ ಹೈಪೋಕ್ಲೋರೈಟ್. ಹೊಸ ಪ್ಯಾಂಟನ್ನು ಹಳೆಯದು ಮಾಡುವ ನೀರು ಗೋಡೆಯ ಮೇಕೆಯನ್ನು ಬಿಟ್ಟೀತೇ? ಮೂರನೇ ತಿಂಗಳಿಗೆ ಮೇಕೆ ಕಾಲು ಮಾಸಿತು. ಮೇಲೆ ಒಂದು ಗಟ್ಟಿ ಪಾರದರ್ಶಕ ಕೋಟಿಂಗ್ ಕೊಟ್ಟಿದ್ದರೆ ತಡೆಯುತ್ತಿತ್ತು. ಕೇಳಿದರೆ, ಬರೆಯಲು ದುಡ್ಡು ಎತ್ತಿದ್ದೆವು, ಉಳಿಸಿಕೊಳ್ಳಲು ಎತ್ತಿರಲಿಲ್ಲ ಅಂದರು. ಪ್ಯಾರಿಸ್ಸಿನ ನೆಕರ್ ಮಕ್ಕಳ ಆಸ್ಪತ್ರೆಯಲ್ಲಿ ಅಮೆರಿಕದ ಚಿತ್ರಗಾರ ಕೀತ್ ಹ್ಯಾರಿಂಗ್ 1987ರಲ್ಲಿ ಹೊರಗಿನ ಮೆಟ್ಟಿಲ ಗೋಪುರಕ್ಕೆ 27 ಮೀಟರ್ ಎತ್ತರದ ಚಿತ್ರ ಬರೆದಿದ್ದ. ಅದೂ ಬಿಸಿಲು ಮಳೆಗೆ ಹಾಳಾಯಿತು. ಸುತ್ತಲಿನ ಕಟ್ಟಡ ಕೆಡವಿದರೂ ಗೋಪುರ ಉಳಿಸಿ, ಮತ್ತೆ ದುಡ್ಡು ಎತ್ತಿ, 2017ರಲ್ಲಿ ಸರಿ ಮಾಡಿಸಿದರು. ನಮ್ಮ ಮೇಕೆಗೆ ಅಷ್ಟೆಲ್ಲ ಬೇಡ. ಒಂದು ಡಬ್ಬಿ ಕೋಟಿಂಗ್ ಸಾಕು.

ಸೂಜಿ ಹಾಕುವ ಸಣ್ಣ ಕೋಣೆ ಬೇರೆಯೇ ಕಥೆ. ಬಳ್ಳಾರಿ ಅಂದರೆ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ನೆನಪಾಗುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದಲ್ಲಿ ತೊಗಲುಗೊಂಬೆ ಆಡಿಸುವ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂತು. ಹುಡುಗಿಗೆ ನಿಜವಾದ ತೊಗಲೇ ಹಾಕುವ ಆಸೆ ಇತ್ತು. ಸಿಸ್ಟರ್ ಬೇಡ ಅಂದರು, ತೊಗಲನ್ನು ಒರೆಸಲು ಆಗಲ್ಲ. ಅದಕ್ಕೆ ಅಕ್ರಿಲಿಕ್ ಹಾಳೆ ಮೇಲೆ ಬರೆದು ಟ್ಯೂಬ್‌ಲೈಟಿಗೆ ಅಡ್ಡ ಕೂರಿಸಿದ್ದಾಳೆ. ಹಿಂದಿನಿಂದ ಬೆಳಕು ಬಿದ್ದಾಗ ಥೇಟ್ ಪರದೆ ಮೇಲಿನ ಗೊಂಬೆ. ಗೊಂಬೆಯಾಟದಲ್ಲಿ ನಗಿಸುವ ಕಿಳ್ಳೇಕ್ಯಾತ ನಮ್ಮ ಕೋಟೆ ಗುಡ್ಡವನ್ನೇ ತಲೆ ಮೇಲೆ ಹೊತ್ತು ಓಡುತ್ತಿದ್ದಾನೆ, ಹಿಂದೆ ಅವನ ಹೆಂಡತಿ ಬಂಗಾರಕ್ಕ ಬೈಯುತ್ತಾ ಬರುತ್ತಿದ್ದಾಳೆ. ಜೋಕರ್ ಕಂಡರೆ ಮುಖ ಮುಚ್ಚುತ್ತಿದ್ದ ಮಗಳು ಇವನನ್ನು ನೋಡಿ ನಕ್ಕಳು. ಇವನೂ ವಿಕಾರವೇ, ಹಲ್ಲು ಉಬ್ಬು, ಹೊಟ್ಟೆ ಡೊಳ್ಳು. ಯಾಕೆ ಅಂತ ಯೋಚಿಸಿದೆ. ಜೋಕರ್ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ. ತೊಗಲುಗೊಂಬೆ ಪಕ್ಕಕ್ಕೆ ಮುಖ ಮಾಡಿ ತನ್ನ ಪಾಡಿಗೆ ತಾನು ಓಡುತ್ತದೆ.

ಸೂಜಿಗೆ ಅಳುವುದು ನಿಂತಿತಾ? ಇಲ್ಲ. ಮೊದಲು ಬಾಗಿಲಲ್ಲೇ ಶುರುವಾಗುತ್ತಿತ್ತು, ಈಗ ಚುಚ್ಚಿದ ಮೇಲೆ. ನನಗೆ ಅಷ್ಟೇ ದೊಡ್ಡದು.

ದಾನಿಗಳ ಹೆಸರು ಬಾಗಿಲ ಹೊರಗೆ ಒಂದು ಸಣ್ಣ ಹಲಗೆಯಲ್ಲಿದೆ, ಎಲ್ಲರದೂ ಒಂದೇ ಅಳತೆಯ ಅಕ್ಷರ. ಖರ್ಚಿನ ಲೆಕ್ಕವನ್ನೂ ಪಕ್ಕದಲ್ಲೇ ಅಂಟಿಸಿದ್ದಾರೆ. ತಂದೆತಾಯಿ ಕೂರುವ ಸ್ಟೂಲು ಮಾತ್ರ ಅದೇ ಹಳೆಯದು, ಒಂದು ಕಾಲು ಕುಂಟು.

ಕೊನೆಗೊಂದು ದೂರು. ಚಿತ್ರ ಮುಗಿದ ಒಂದು ತಿಂಗಳಿಗೆ ಯಾರೋ ಬಂದು ನಾಲ್ಕನೇ ಮಂಚದ ಮೇಲೆ ಎಸಿ ಪೈಪು ಎಳೆದುಬಿಟ್ಟರು. ನೇರ ಹರಗೋಲಿನ ನಡುವೆ. ದಸರಾ ಹೊತ್ತಿಗೆ ಸರಿಸುತ್ತಾರಂತೆ. ಅಲ್ಲಿವರೆಗೆ ನಾಲ್ಕನೇ ಮಂಚ ಸಿಕ್ಕವರು ದಿಂಬನ್ನು ಕಾಲಿನ ಕಡೆ ಹಾಕಿ ಮಗುವನ್ನು ಮಲಗಿಸಿ, ಆಗ ನೀರುನಾಯಿಗಳು ಕಾಣುತ್ತವೆ. ರಕ್ತದ ಸ್ಟ್ಯಾಂಡ್ ಆ ಕಡೆಗೆ ಸರಿಸಿಕೊಡಿ ಅಂತ ಸಿಸ್ಟರನ್ನು ಕೇಳಿ. ಬೈಯಲ್ಲ.