ಮೈಸೂರಿನಲ್ಲಿ ವಾರದ ಓಟ: ಕೆರೆಯೋ, ಕ್ಯಾಂಪಸ್ಸೋ, ಮೆಟ್ಟಿಲೋ, ರಿಂಗ್ ರಸ್ತೆಯೋ?

ವಾರವಿಡೀ ಒಂದೇ ದಾರಿಯಲ್ಲಿ ಓಡುವವರಿಗೆ ಬೇಜಾರಿಗಿಂತ ಮೊದಲು ನೋವು ಬರುತ್ತದೆ. ಅದೇ ಡಾಂಬರು, ರಸ್ತೆಯ ಅದೇ ಓರೆ, ಅದೇ ಕಡೆಗೆ ತಿರುವು. ದಿನವೂ ಪೆಟ್ಟು ಬೀಳುವುದು ದೇಹದ ಒಂದೇ ಜಾಗಕ್ಕೆ. ಹಾಗಾಗಿ ದಾರಿ ಬದಲಿಸುವಾಗ ಕಣ್ಣಿಗೆ ಏನು ಹೊಸದು ಎಂದು ನೋಡುವುದಕ್ಕಿಂತ ಕಾಲಡಿಯ ನೆಲ ಮತ್ತು ಏರು ಬದಲಾಯಿತೇ ಎಂದು ನೋಡಬೇಕು. ಸರಸ್ವತಿಪುರಂನಿಂದ ಜಯಲಕ್ಷ್ಮೀಪುರಂಗೆ ದಾರಿ ಬದಲಿಸಿದರೆ ಮನೆಗಳು ಬದಲಾಗುತ್ತವೆ, ಓಟ ಬದಲಾಗುವುದಿಲ್ಲ.

ಮೈಸೂರಿನವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಮಣ್ಣಿನ ಹಾದಿಯ ಕೆರೆ, ನೆರಳಿನ ಕ್ಯಾಂಪಸ್, ಕಲ್ಲಿನ ಮೆಟ್ಟಿಲು, ಸಿಂಥೆಟಿಕ್ ಟ್ರ್ಯಾಕ್, ಉದ್ದನೆಯ ರಿಂಗ್ ರಸ್ತೆ, ಎಲ್ಲವೂ ಒಂದೇ ಊರಿನಲ್ಲಿವೆ. ಯಾವ ದಿನ ಯಾವುದು ಎನ್ನುವುದೇ ಪ್ರಶ್ನೆ. ನಾವು ಓಡಿ ನೋಡಿದ ದಾರಿಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು ನೋಡೋಣ. ಲೆಕ್ಕಕ್ಕೆ ಹಿಡಿದಿರುವುದು ವಾರಕ್ಕೆ 40 ಕಿ.ಮೀ. ಆಸುಪಾಸು ಓಡುವವರನ್ನು.

ಹಗುರ ಓಟಕ್ಕೆ: ಕುಕ್ಕರಹಳ್ಳಿ ಕೆರೆ ಅಥವಾ ಮಾನಸಗಂಗೋತ್ರಿ

ಕುಕ್ಕರಹಳ್ಳಿಯ ಒಂದು ಸುತ್ತು ಸುಮಾರು 4 ಕಿ.ಮೀ. ಕೆರೆ ಏರಿಯ ಮೇಲಿನ ಭಾಗ ಗಟ್ಟಿ, ಉಳಿದದ್ದು ಹೆಚ್ಚಾಗಿ ಮಣ್ಣು. ವಾಹನ ಇಲ್ಲ, ಸಿಗ್ನಲ್ ಇಲ್ಲ, ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಹಿಂದಿನ ದಿನ ವೇಗದ ಓಟ ಮಾಡಿ ಮೀನಖಂಡ ಬಿಗಿದುಕೊಂಡಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ಮಣ್ಣು ಮೆತ್ತಗಿರುವುದಷ್ಟೇ ಲಾಭವಲ್ಲ. ಪ್ರತಿ ಹೆಜ್ಜೆಯೂ ಸ್ವಲ್ಪ ಬೇರೆ ಕೋನದಲ್ಲಿ ಬೀಳುವುದರಿಂದ ಪಾದದ ಗಂಟಿನ ಸುತ್ತಲಿನ ಸಣ್ಣ ಸ್ನಾಯುಗಳೂ ಕೆಲಸ ಮಾಡುತ್ತವೆ.

ಇಲ್ಲಿಯ ತೊಂದರೆ ಜನ. ಬೆಳಗ್ಗೆ ಆರೂವರೆಯ ಹೊತ್ತಿಗೆ ವಾಕಿಂಗ್ ಬಂದವರು ಮೂವರು ನಾಲ್ವರು ಸಾಲಾಗಿ ಹಾದಿ ತುಂಬ ನಡೆಯುತ್ತಿರುತ್ತಾರೆ, ಮಾತು ರಾಜಕೀಯದ್ದಾದರೆ ಹಿಂದಿನಿಂದ ಬರುವ ಹೆಜ್ಜೆ ಸದ್ದು ಕೇಳುವುದೂ ಇಲ್ಲ. ಹಾಗಾಗಿ ಇಲ್ಲಿ ಟೈಮಿಂಗ್ ಹಿಡಿದು ಓಡುವ ಆಸೆ ಬೇಡ. ಗೇಟು ತೆರೆದ ಕೂಡಲೇ ಒಳಗೆ ಹೋದವರಿಗೆ ಮೊದಲ ಸುತ್ತು ಖಾಲಿ ಸಿಗುತ್ತದೆ. ಮಳೆ ಬಂದ ಮಾರನೆಯ ದಿನ ನೀರು ನಿಂತ ಕಡೆ ಅಂಚಿಗೆ ಹೋಗಿ ಸುತ್ತು ಹಾಕಬೇಡಿ. ಮರದ ಬೇರು ಇರುವುದು ಅಲ್ಲೇ, ಎಲೆ ಮುಚ್ಚಿದ್ದರೆ ಕಾಣುವುದೂ ಇಲ್ಲ. ಕೆಸರಾದರೂ ನಡುವೆಯೇ ಹೋಗುವುದು ಲೇಸು.

ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ಒಳರಸ್ತೆಗಳು ಡಾಂಬರಿನವು, ಆದರೆ ಸಮತಟ್ಟಲ್ಲ. ಸಣ್ಣ ಸಣ್ಣ ಏರುಗಳು ಪದೇ ಪದೇ ಬರುತ್ತವೆ. ಪೇಸ್ (ಒಂದು ಕಿ.ಮೀ.ಗೆ ಹಿಡಿಯುವ ಸಮಯ) ನೋಡಿಕೊಂಡು ಓಡಿದರೆ ಪ್ರತಿ ಏರಿನಲ್ಲೂ ಏದುಸಿರು ಬರುತ್ತದೆ, ಹಗುರ ಓಟ ಗೊತ್ತಿಲ್ಲದೆಯೇ ಭಾರದ ಓಟವಾಗುತ್ತದೆ. ಇಲ್ಲಿ ಗಡಿಯಾರ ಮರೆತು ಉಸಿರನ್ನು ಅಳತೆ ಮಾಡಿಕೊಳ್ಳಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿರಬೇಕು, ಏರಿನಲ್ಲೂ. ಬೆಳಗ್ಗೆ ಎಂಟರೊಳಗೆ ವಾಹನ ಕಡಿಮೆ. ನಾಯಿಗಳಿವೆ. ಹತ್ತಿರ ಬಂದರೆ ಓಟ ನಿಲ್ಲಿಸಿ ನಡೆಯಿರಿ, ಹತ್ತು ಹೆಜ್ಜೆ ದಾಟಿದ ಮೇಲೆ ಮತ್ತೆ ಓಡಿ.

ಇವೆರಡರಲ್ಲಿ ಒಂದನ್ನೇ ಆರಿಸುವುದಾದರೆ ನಮ್ಮ ಓಟು ಕೆರೆಗೆ. ಆದರೆ ಎರಡೂ ಅಕ್ಕಪಕ್ಕದಲ್ಲಿರುವುದರಿಂದ ಆರಿಸಲೇಬೇಕೆಂದಿಲ್ಲ. ಕೆರೆ ಒಂದು ಸುತ್ತು, ಕ್ಯಾಂಪಸ್ಸಿನಲ್ಲಿ ಉಳಿದ 4 ಕಿ.ಮೀ. ಮಾಡಿದರೆ ಬುಧವಾರಕ್ಕೆ ಇಟ್ಟುಕೊಂಡ 8 ಕಿ.ಮೀ. ಮುಗಿಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಕೆರೆಯನ್ನು ಸದಾ ಒಂದೇ ದಿಕ್ಕಿನಲ್ಲಿ ಸುತ್ತಬೇಡಿ. ಒಂದು ವಾರ ಎಡಕ್ಕೆ, ಮುಂದಿನ ವಾರ ಬಲಕ್ಕೆ.

ವೇಗಕ್ಕೆ: ಚಾಮುಂಡಿ ವಿಹಾರ ಕ್ರೀಡಾಂಗಣದ ಟ್ರ್ಯಾಕ್ ಅಥವಾ ನೇರ ರಸ್ತೆ

ಇಂಟರ್ವಲ್‌ಗೆ (ಜೋರು ಓಟ, ನಡುವೆ ನಿಧಾನ ಓಟ) ಟ್ರ್ಯಾಕಿಗೆ ಸಾಟಿ ಇಲ್ಲ, ಅಳತೆಯಲ್ಲಿ ವಾದ ಇಲ್ಲದಿರುವುದೇ ಕಾರಣ. ಒಳಗಿನ ಒಂದನೇ ಲೇನ್ 400 ಮೀ. ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತಿಗೆ 7ರಿಂದ 7.7 ಮೀ. ಸೇರುತ್ತದೆ, ಎಂಟನೇ ಲೇನಿನಲ್ಲಿ ಅದೇ ಸುತ್ತು ಸುಮಾರು 453 ಮೀ. ಆಗುತ್ತದೆ. ಹಾಸ್ಟೆಲ್ ಹುಡುಗರು ಒಳಲೇನಿನಲ್ಲಿ ಓಡುತ್ತಿದ್ದಾರೆಂದು ನೀವು ಆರನೆಯದಕ್ಕೆ ಹೋಗಿ, "ಇವತ್ತು ಯಾಕೋ ನಿಧಾನ" ಎಂದು ಕೊರಗಿದರೆ ತಪ್ಪು ಕಾಲಿನದಲ್ಲ, ಲೆಕ್ಕದ್ದು. ಆರನೇ ಲೇನಿನಲ್ಲಿ ಎರಡು ಸುತ್ತು ಎಂದರೆ 800 ಅಲ್ಲ, ಸುಮಾರು 875 ಮೀ.

ಜಿಪಿಎಸ್ ವಾಚು ಟ್ರ್ಯಾಕಿನ ತಿರುವಿನಲ್ಲಿ ಎಡವುತ್ತದೆ. ಟ್ರ್ಯಾಕ್ ಮೋಡ್ ಇದ್ದರೆ ಓಡುವ ಲೇನಿನ ಸಂಖ್ಯೆ ಮೊದಲೇ ಕೊಡಿ. ಇಲ್ಲದಿದ್ದರೆ ದೂರ ನೋಡಲೇಬೇಡಿ, ಗೆರೆ ದಾಟಿದಾಗ ಲ್ಯಾಪ್ ಗುಂಡಿ ಒತ್ತಿ, ಸಮಯ ಮಾತ್ರ ಬರೆದುಕೊಳ್ಳಿ.

ಮಂಗಳವಾರದ ಒಂದು ಮಾದರಿ: ಹೊರಲೇನಿನಲ್ಲಿ 2 ಕಿ.ಮೀ. ನಿಧಾನ ಓಟ, ನಂತರ 800 ಮೀ. ಆರು ಬಾರಿ, ನಡುವೆ 200 ಮೀ. ಜಾಗಿಂಗ್, ಕೊನೆಗೆ 1 ಕಿ.ಮೀ. ತಣ್ಣಗಾಗುವ ಓಟ. ಒಟ್ಟು 8.8 ಕಿ.ಮೀ. ಮೊದಲ ಎರಡು 800 ಸುಲಭ ಅನ್ನಿಸಬೇಕು. ಮೊದಲನೆಯದಕ್ಕಿಂತ ಆರನೆಯದು ಹತ್ತು ಸೆಕೆಂಡ್ ತಡವಾದರೆ ಶುರುವಿನಲ್ಲೇ ಅವಸರ ಮಾಡಿದ್ದೀರಿ ಎಂದರ್ಥ. ಒಳಲೇನು ತರಬೇತಿಯ ಕ್ರೀಡಾಪಟುಗಳಿಗೆ ಸಲ್ಲಬೇಕು. ಹಿಂದಿನಿಂದ ಕೂಗು ಕೇಳಿದರೆ ಬಲಕ್ಕೆ ಸರಿಯಿರಿ, ಗಾಬರಿಯಾಗಿ ಎಡಕ್ಕೆ ಹಾರಬೇಡಿ.

ದಸರಾ ಕ್ರೀಡಾಕೂಟದ ಸಮಯದಲ್ಲಿ ಟ್ರ್ಯಾಕ್ ನಿಮಗೆ ಸಿಗುವುದಿಲ್ಲ. ಆಗ ಲಲಿತಮಹಲ್ ರಸ್ತೆ ಸಾಕು. ನೇರ ರಸ್ತೆ. ಅಲ್ಲಿ ದೂರದ ಬದಲು ಸಮಯ ಹಿಡಿಯಿರಿ: 3 ನಿಮಿಷ ಜೋರು, 2 ನಿಮಿಷ ನಿಧಾನ, ಆರು ಸಲ. ಬೆಳಗ್ಗೆ ಏಳರ ನಂತರ ಅಲ್ಲಿ ವೇಗದ ಓಟ ಬೇಡ. ಕಾಲು ಚೆನ್ನಾಗಿದ್ದರೂ ಅಡ್ಡರಸ್ತೆಯಿಂದ ನುಗ್ಗುವ ಸ್ಕೂಟರ್ ಬಿಡುವುದಿಲ್ಲ.

ಏರಿಗೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಅಥವಾ ಬೆಟ್ಟದ ರಸ್ತೆ

ಹೆಚ್ಚು ಜನ ತಪ್ಪು ಆಯ್ಕೆ ಮಾಡುವುದು ಇಲ್ಲಿ. ಮೈಸೂರಿನ ಓಟಗಾರರಿಗೆ ಮೆಟ್ಟಿಲು ಹತ್ತುವುದು ಒಂದು ಹೆಮ್ಮೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು, ಸುಮಾರು ಏಳುನೂರರ ಹತ್ತಿರ ಏಕಶಿಲೆಯ ನಂದಿ. ಆದರೆ ಓಟಕ್ಕೆ ಬೇಕಾದ ಏರಿನ ಶಕ್ತಿಯನ್ನು ಮೆಟ್ಟಿಲು ಅರ್ಧ ಮಾತ್ರ ಕೊಡುತ್ತದೆ. ಮೆಟ್ಟಿಲುಗಳ ಎತ್ತರ, ಅಗಲ ಒಂದೇ ಸಮ ಇಲ್ಲ. ಹೆಜ್ಜೆಯ ಲಯ ಕೂರುವುದೇ ಇಲ್ಲ, ಹೆಚ್ಚಿನವರಿಗೆ ಅದು ಓಟವಾಗಿ ಉಳಿಯದೆ ಬಿರುಸು ನಡಿಗೆಯಾಗುತ್ತದೆ. ತೊಡೆ ಮತ್ತು ಪೃಷ್ಠದ ಬಲಕ್ಕೆ ಒಳ್ಳೆಯದು, ಓಟದ ನಡೆಗೆ ಅಲ್ಲ.

ನಿಜವಾದ ಸಮಸ್ಯೆ ಇಳಿಯುವುದರಲ್ಲಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಆ ನೋವು ಅದೇ ದಿನ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಏರುತ್ತದೆ. ಶುಕ್ರವಾರ ಮೆಟ್ಟಿಲು ಓಡಿ ಇಳಿದವರು ಭಾನುವಾರದ ಉದ್ದ ಓಟದಲ್ಲಿ ಕುರ್ಚಿಯಿಂದ ಏಳಲಾಗದವರ ಹಾಗೆ ಹೆಜ್ಜೆ ಇಡುವುದಕ್ಕೆ ಇದೇ ಕಾರಣ.

ಹತ್ತಿರದಿಂದ ನೋಡಬೇಕಾದ ಇನ್ನೊಂದು ವಿಷಯ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಒಣಗಿದ್ದಾಗ ಏನೂ ಆಗುವುದಿಲ್ಲ. ಇಬ್ಬನಿ ಬಿದ್ದ ಬೆಳಗ್ಗೆ ಅಥವಾ ಸೋನೆ ಮಳೆಯಲ್ಲಿ, ಜನರ ಕಾಲು ತಾಗಿ ನುಣುಪಾದ ಕಲ್ಲಿನ ಮೇಲೆ ಅದೇ ಪುಡಿ ಜಾರುವ ಪದರವಾಗುತ್ತದೆ. ಇಳಿಯುವಾಗ ಕೆಂಪು ಕಂಡಲ್ಲಿ ಕಾಲಿಡದೆ ಮೆಟ್ಟಿಲಿನ ಬರಿ ಕಲ್ಲಿನ ಭಾಗ ಹುಡುಕಿ. ಜಾರುವುದು ಬೇಡ ಎಂಬುದೊಂದು, ಇನ್ನೊಬ್ಬರ ಹರಕೆ ತುಳಿಯುವುದೂ ಸರಿಯಲ್ಲ.

ರಸ್ತೆಯ ಏರು ಅಷ್ಟು ಕಡಿದಲ್ಲ, ಒಂದೇ ಸಮನಾಗಿ ಏರುತ್ತದೆ, ಆದ್ದರಿಂದ ಓಡಬಹುದು. ತಾವರೆಕಟ್ಟೆ ಕಡೆಯಿಂದ ಶುರು ಮಾಡಿ, ತುದಿ ಮುಟ್ಟುವ ಹಟ ಬಿಟ್ಟು, ಎರಡು ತಿರುವುಗಳ ನಡುವಿನ ನೇರ ಏರು ಆರಿಸಿಕೊಳ್ಳಿ. 75 ಸೆಕೆಂಡ್ ಗಟ್ಟಿಯಾಗಿ ಮೇಲಕ್ಕೆ, ನಡೆದು ಅಥವಾ ಜಾಗಿಂಗ್ ವೇಗದಲ್ಲಿ ಕೆಳಕ್ಕೆ, ಎಂಟು ಸಲ. ಸೊಂಟದಿಂದ ಬಾಗಬೇಡಿ, ಹಿಮ್ಮಡಿಯಿಂದ ತಲೆವರೆಗೆ ಒಂದೇ ಗೆರೆಯಾಗಿ ಮುಂದಕ್ಕೆ ವಾಲಿ. ಹೆಜ್ಜೆ ಚಿಕ್ಕದಾಗಲಿ, ಕೈ ಬೀಸು ನಿಲ್ಲದಿರಲಿ. ಮೊದಲು 2 ಕಿ.ಮೀ. ಸಮತಟ್ಟಿನಲ್ಲಿ ಓಡಿಕೊಂಡಿರಬೇಕು, ತಣ್ಣನೆಯ ಕಾಲಲ್ಲಿ ಏರು ಹಿಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ರಸ್ತೆಯ ದೋಷ ವಾಹನ. ಏಳರ ನಂತರ ಬಸ್ಸುಗಳು ಹೆಚ್ಚಾಗುತ್ತವೆ, ಏರಿನಲ್ಲಿ ಬಾಯಿ ತೆರೆದು ಉಸಿರಾಡುವಾಗ ಡೀಸೆಲ್ ಹೊಗೆ ನೇರ ಒಳಗೆ. ಕುರುಡು ತಿರುವಿನಲ್ಲಿ ಒಳಅಂಚು ಹಿಡಿಯದೆ ಚಾಲಕನಿಗೆ ದೂರದಿಂದ ಕಾಣುವ ಹೊರಅಂಚಿನಲ್ಲಿರಿ. ಹಾಗೆಂದು ಕತ್ತಲಲ್ಲೂ ಹೋಗಬೇಡಿ, ಬೆಟ್ಟದಲ್ಲಿ ಚಿರತೆ ಓಡಾಟ ಇದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6.45ರ ಸುಮಾರಿಗೆ, ಜೂನ್‌ನಲ್ಲಿ ಆರಕ್ಕೂ ಸ್ವಲ್ಪ ಮೊದಲು. ಬೆಟ್ಟದ ದಿನದ ಅಲಾರಂ ಅದರ ಪ್ರಕಾರ ಇಡಿ. 2021ರ ಮಳೆಯಲ್ಲಿ ನಂದಿ ರಸ್ತೆ ಕುಸಿದದ್ದು ನೆನಪಿರಲಿ, ಭಾರಿ ಮಳೆ ಸುರಿದ ವಾರ ಬೆಟ್ಟದ ಅಂಚಿನ ರಸ್ತೆಗಳನ್ನೇ ಬಿಡುವುದು ಒಳ್ಳೆಯದು.

ನಮ್ಮ ತೀರ್ಮಾನ: ವಾರದ ಏರಿನ ಕೆಲಸ ರಸ್ತೆಯಲ್ಲಿ. ಮೆಟ್ಟಿಲು ತಿಂಗಳಿಗೊಮ್ಮೆ, ನಂದಿವರೆಗೆ ಮಾತ್ರ ಹತ್ತಿ, ನಡೆದು ಇಳಿದು.

ಉದ್ದ ಓಟಕ್ಕೆ: ರಿಂಗ್ ರಸ್ತೆ ಅಥವಾ ಜಂಬೂ ಸವಾರಿಯ ಹಾದಿ

ಹೊರವರ್ತುಲ ರಸ್ತೆ ಸುಮಾರು 42 ಕಿ.ಮೀ., ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಕಾಗದದ ಮೇಲೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಓಡಿ ನೋಡಿದರೆ ಬೇರೆ ಕಥೆ. ನೆರಳಿಲ್ಲ, ಎಂಟರ ಬಿಸಿಲು ನೆತ್ತಿಗೆ ಹೊಡೆಯುತ್ತದೆ, ಸರ್ವಿಸ್ ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಕಸ, ಕಸದ ಹತ್ತಿರ ನಾಯಿಗಳು. ಬೋಗಾದಿ ರಸ್ತೆ, ಹುಣಸೂರು ರಸ್ತೆ, ನಂಜನಗೂಡು ರಸ್ತೆ ಕೂಡುವ ಜಾಗಗಳಲ್ಲಿ ನಿಂತು ದಾಟಬೇಕು. ರಸ್ತೆಯ ಅಂಚು ನೀರು ಹರಿಯಲೆಂದು ಓರೆಯಾಗಿರುವುದರಿಂದ ಒಂದೇ ಬದಿಯಲ್ಲಿ 14 ಕಿ.ಮೀ. ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ, ಮೊಣಕಾಲಿನ ಹೊರಬದಿ ನೋಯುತ್ತದೆ. ಮ್ಯಾರಥಾನ್ ತಯಾರಿಯಲ್ಲಿ 25 ಕಿ.ಮೀ. ದಾಟುವವರಿಗೆ ಇದು ಅನಿವಾರ್ಯ. 14 ಓಡುವವರಿಗೆ ಬೇಕಿಲ್ಲ.

ಅವರಿಗೆ ಊರೊಳಗೇ ಸಿದ್ಧ ದಾರಿ ಇದೆ. ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಬನ್ನಿಮಂಟಪ: ಜಂಬೂ ಸವಾರಿಯ ಈ ಹಾದಿ ಸುಮಾರು 5 ಕಿ.ಮೀ. ಹೋಗಿ ಬಂದರೆ 10. ಹಾರ್ಡಿಂಜ್ ವೃತ್ತದಿಂದ ಲಲಿತಮಹಲ್ ಕಡೆಗೆ 2 ಕಿ.ಮೀ. ಹೋಗಿ ತಿರುಗಿದರೆ 14. ಭಾನುವಾರ ಐದೂಮುಕ್ಕಾಲಿಗೆ ಹೊರಟರೆ ರಸ್ತೆ ನಿಮ್ಮದೇ. ಬೀದಿದೀಪ ಇದೆ, ನೀರು ಸಿಗುತ್ತದೆ, ಕಾಲು ಉಳುಕಿದರೆ ಆಟೋ ಸಿಗುತ್ತದೆ. ದೇವರಾಜ ಮಾರುಕಟ್ಟೆ ಮುಂದೆ ಮಾತ್ರ ಸರಕು ಇಳಿಸುವ ಗಾಡಿಗಳು, ಕೊಳೆತ ಸೊಪ್ಪು, ಒದ್ದೆ ನೆಲ. ಅಷ್ಟು ದೂರ ನಡೆದರೂ ನಷ್ಟವಿಲ್ಲ. ದಸರೆಗೆ ಮುಂಚಿನ ವಾರಗಳಲ್ಲಿ ಆನೆಗಳ ತಾಲೀಮು ಇದೇ ರಸ್ತೆಯಲ್ಲಿ ನಡೆಯುತ್ತದೆ. ಆನೆಗಳ ಹಿಂದೆಯೂ ಮುಂದೆಯೂ ಓಡಬೇಡಿ, ಅಡ್ಡರಸ್ತೆ ಹಿಡಿದು ಬೇರೆ ದಿಕ್ಕಿಗೆ ಹೋಗಿಬಿಡಿ.

ಏಪ್ರಿಲ್‌ನಲ್ಲಿ ಎರಡೂ ದಾರಿಗೆ ಅರ್ಧ ಲೀಟರ್ ನೀರು ಜೊತೆಗಿರಲಿ, ಚಿಟಿಕೆ ಉಪ್ಪು, ಅರ್ಧ ನಿಂಬೆ ಹಿಂಡಿ.

ನಕ್ಷೆ ಹಾಕುವುದು ಯಾವುದರಲ್ಲಿ

ಓಟ ದಾಖಲಿಸುವ ಸ್ಟ್ರಾವಾ ಆ್ಯಪಿನ ಹೀಟ್‌ಮ್ಯಾಪ್ ಜನ ಎಲ್ಲಿ ಓಡುತ್ತಾರೆ ಎಂದು ತೋರಿಸುತ್ತದೆ, ಆದರೆ ಹೊಸ ದಾರಿ ರಚಿಸಲು ಹಣ ಕೊಟ್ಟು ಚಂದಾದಾರರಾಗಬೇಕು. ಗಾರ್ಮಿನ್ ವಾಚು ಇದ್ದವರಿಗೆ ಕನೆಕ್ಟ್ ಆ್ಯಪಿನಲ್ಲಿ ಕೋರ್ಸ್ (ಓಟದ ದಾರಿ) ಮಾಡುವುದು ಉಚಿತ. ಏನೂ ಇಲ್ಲದವರಿಗೆ ಗೂಗಲ್ ಮ್ಯಾಪ್ಸಿನ ದೂರ ಅಳೆಯುವ ಸೌಲಭ್ಯ ಸಾಕು. ಅದು ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ, ಕೆರೆ ಅಂಚಿನಲ್ಲಿ ನಾಲ್ಕೇ ಬಿಂದು ಇಟ್ಟರೆ ಸುತ್ತು ನಿಜಕ್ಕಿಂತ ಕಡಿಮೆ ಬರುತ್ತದೆ. ತಿರುವು ಇರುವಲ್ಲೆಲ್ಲ ಬಿಂದು ಒತ್ತಿ.

ಇಷ್ಟನ್ನು ಸೇರಿಸಿದರೆ ವಾರ ಹೀಗೆ: ಮಂಗಳ ಟ್ರ್ಯಾಕ್ 8.8, ಬುಧ ಕೆರೆ ಮತ್ತು ಕ್ಯಾಂಪಸ್ 8, ಗುರು ಬೆಟ್ಟದ ರಸ್ತೆ 6, ಶನಿವಾರ ಕೆರೆಯ ಮಣ್ಣಿನಲ್ಲಿ ಹಗುರ 5, ಭಾನುವಾರ 14. ಸುಮಾರು 42 ಕಿ.ಮೀ., ಉದ್ದ ಓಟ ಅದರ ಮೂರನೇ ಒಂದು ಭಾಗ. ಇದಕ್ಕಿಂತ ಉದ್ದ ಬೇಕಾದರೆ ಮೊದಲು ಉಳಿದ ದಿನಗಳನ್ನು ಬೆಳೆಸಿ. ಮಳೆಯಿಂದ ಗುರುವಾರ ಬೆಟ್ಟ ತಪ್ಪಿದರೆ ಅದನ್ನು ಶನಿವಾರಕ್ಕೆ ತಳ್ಳಬೇಡಿ, ಮಾನಸಗಂಗೋತ್ರಿಯ ಉದ್ದನೆಯ ಏರೊಂದರಲ್ಲಿ ಅದೇ ಎಂಟು ಸಲ ಮಾಡಿ. ಬೆಟ್ಟದ ದಿನವನ್ನು ಶುಕ್ರವಾರಕ್ಕೆ ಇಟ್ಟುಕೊಂಡವರು ಆಷಾಢದಲ್ಲಿ ಬದಲಿಸಿಕೊಳ್ಳಲೇಬೇಕು. ಆ ಶುಕ್ರವಾರಗಳಲ್ಲಿ ನಸುಕಿನಿಂದಲೇ ಮೆಟ್ಟಿಲೂ ರಸ್ತೆಯೂ ಭಕ್ತರದ್ದು.