ನಾಕ್ ಹೊಡೆಯುತ್ತಿದ್ದ ಮಿನಿ ಟ್ರ್ಯಾಕ್ಟರು ಮತ್ತು ಮಂಡ್ಯದ ಬೋರ್ಡಿಲ್ಲದ ಗ್ಯಾರೇಜು

ಮದ್ದೂರಿನ ಬಳಿಯ ನಮ್ಮ ತೆಂಗಿನ ತೋಟದಲ್ಲಿ ಸಾಲುಗಳ ನಡುವಿನ ಉಳುಮೆಗೂ ಮಣ್ಣನ್ನು ಪುಡಿಮಾಡುವ ರೋಟವೇಟರ್ ಹೊಡೆಯುವುದಕ್ಕೂ ಹದಿನೇಳು ವರ್ಷಗಳಿಂದ ದುಡಿಯುತ್ತಿರುವುದು ಮೂರು ಸಿಲಿಂಡರಿನ, 18 ಎಚ್‌ಪಿಯ ಒಂದು ಹಳೆಯ ಮಿನಿ ಟ್ರ್ಯಾಕ್ಟರು. ಈ ವರ್ಷ ಯುಗಾದಿಗೆ ಎರಡು ವಾರ ಇರುವಾಗ ಅದರ ಎಂಜಿನ್ನಿನೊಳಗಿಂದ, ಒರಳಿಗೆ ಒನಕೆ ಬಿದ್ದ ಹಾಗೆ, ಕುಟ್ಟುವ ಸದ್ದು (ಗ್ಯಾರೇಜಿನವರ ಮಾತಿನಲ್ಲಿ ನಾಕ್) ಬರತೊಡಗಿತು. ಮೊದಲು ತೋರಿಸಿದ ವರ್ಕ್‌ಶಾಪಿನವರು ಬಾನೆಟ್ ಎತ್ತಿ, ಎರಡು ನಿಮಿಷ ನಿಂತು ಕೇಳಿ, ಫುಲ್ ಎಂಜಿನ್ ಕೆಲಸ ಮಾಡಿಸಬೇಕು, ಅರವತ್ತು ಸಾವಿರಕ್ಕೆ ಕಡಿಮೆಯಾಗುವುದಿಲ್ಲ ಎಂದರು. ಅಷ್ಟು ಬೇಗ ಹುಟ್ಟಿದ ಲೆಕ್ಕವನ್ನು ನಂಬಲು ಮನಸ್ಸಾಗದೆ, ಬಂಧುವೊಬ್ಬರ ಮಾತಿನಂತೆ ಮಂಡ್ಯ ನಗರದ ಹೊರಗಿನ ಈ ಗ್ಯಾರೇಜಿಗೆ ಹೋದೆ. ಶೀಟಿನ ಸೂರು, ಒಂದು ಚೈನ್ ಪುಲ್ಲಿ, ಇಬ್ಬರು ಹುಡುಗರು ಮತ್ತು ಅರವತ್ತರ ಆಸುಪಾಸಿನ ಒಬ್ಬ ಮೇಸ್ತ್ರಿ, ಇಷ್ಟೇ ಅಲ್ಲಿರುವುದು. ಹೆಸರಿನ ಬೋರ್ಡು ಕೂಡ ಇಲ್ಲ.

ಮೇಸ್ತ್ರಿ ಮೊದಲ ದಿನ ಸ್ಪ್ಯಾನರಿಗಿಂತ ಹೆಚ್ಚಾಗಿ ಕಿವಿಯನ್ನೇ ಬಳಸಿದರು. ಎಂಜಿನ್ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಮತ್ತೊಮ್ಮೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು ಅಂಗುಲ ಅಂಗುಲವಾಗಿ ಕೇಳಿದರು. ಪಿಸ್ಟನ್ ಸಡಿಲವಾಗಿ, ತಾನು ಓಡಾಡುವ ಕೊಳವೆಯಾದ ಲೈನರಿಗೆ ಬಡಿಯುವ ಸದ್ದು ತಣ್ಣಗಿರುವಾಗ ಜೋರಾಗಿದ್ದು, ಬಿಸಿಯಾದಂತೆ ತಗ್ಗುತ್ತದೆ. ನಮ್ಮದು ತದ್ವಿರುದ್ಧವಾಗಿ, ಆಯಿಲ್ ಕಾದು ತೆಳ್ಳಗಾದಂತೆ ಹೆಚ್ಚುತ್ತಿತ್ತು, ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಂತೂ ಗಡಗಡ ಎನ್ನುತ್ತಿತ್ತು. ವಾಲ್ವುಗಳನ್ನು ತೆರೆಯುವ ಟ್ಯಾಪೆಟ್ಟಿನ ಸದ್ದಾಗಿದ್ದರೆ, ಅದನ್ನು ನಡೆಸುವ ಕ್ಯಾಮ್ ಶಾಫ್ಟಿನ ಲಯಕ್ಕೆ, ಅಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಮೇಲುಗಡೆಯಿಂದ ಕೇಳಿಸಬೇಕಿತ್ತು. ಹಾಗಿದ್ದರೂ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ಟ್ಯಾಪೆಟ್‌ಗಳನ್ನು ಸರಿಮಾಡಿಯೇ ಮುಂದುವರಿದರು.

"ಹೊಡೀತಾ ಇರೋದು ತಲೇಲಲ್ಲ ಯಜಮಾನ್ರೇ, ಹೊಟ್ಟೇಲಿ" ಎಂದ ಅವರು ಅದನ್ನು ತೋರಿಸಿಕೊಟ್ಟ ಬಗೆ ನನಗೆ ಬಹಳ ಹಿಡಿಸಿತು. ಎಂಜಿನ್ ಓಡುತ್ತಿರುವಾಗಲೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದೊಂದು ನಾಜಲಿಗೆ ಹೋಗುವ ಪೈಪಿನ ನಟ್ಟನ್ನು ಸರದಿಯಂತೆ ಸಡಿಲಿಸಿ, ಆ ಸಿಲಿಂಡರು ಕೆಲಸ ನಿಲ್ಲಿಸುವಂತೆ ಮಾಡಿದರು. ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿಹೋಗುವಷ್ಟು ಒತ್ತಡದ್ದಾದ್ದರಿಂದ ನಟ್ಟಿನ ಮೇಲೆ ದಪ್ಪ ಬಟ್ಟೆ ಮುಚ್ಚಿ, ಹುಡುಗರನ್ನು ದೂರ ನಿಲ್ಲಿಸಿದ್ದರು. ಒಂದನೆಯದನ್ನೂ ಮೂರನೆಯದನ್ನೂ ಸಡಿಲಿಸಿದಾಗ ಎಂಜಿನ್ ಕುಂಟಿತೇ ಹೊರತು ಬಡಿತ ನಿಲ್ಲಲಿಲ್ಲ. ಎರಡನೆಯದನ್ನು ಸಡಿಲಿಸಿದೊಡನೆ ಬಡಿತ ಮುಕ್ಕಾಲು ಪಾಲು ಅಡಗಿತು. ಆದರೆ ನಾಜಲ್ ಕೆಟ್ಟು ಡೀಸೆಲ್ ತೊಟ್ಟಿಕ್ಕುತ್ತಿದ್ದರೂ ಹೀಗೆಯೇ ಆಗಬಹುದಲ್ಲವೇ ಎಂದು ನಾನು ಕೇಳುವ ಮೊದಲೇ ಅವರು ಒಂದನೆಯ ಮತ್ತು ಎರಡನೆಯ ನಾಜಲ್‌ಗಳನ್ನು ಅದಲುಬದಲು ಮಾಡಿದರು. ದೋಷ ನಾಜಲಿನದಾಗಿದ್ದರೆ ಸದ್ದು ಅದರ ಜೊತೆ ಒಂದನೆಯ ಸಿಲಿಂಡರಿಗೆ ಹೋಗಬೇಕಿತ್ತು. ಅದು ಎರಡರಲ್ಲೇ ಉಳಿಯಿತು. ಅಲ್ಲಿಗೆ ಸವೆದಿರುವುದು ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು ಹಿಡಿಯುವಲ್ಲಿನ ಬಿಗ್ ಎಂಡ್ ಬೇರಿಂಗ್ ಎಂಬುದು ಬಹುಮಟ್ಟಿಗೆ ಖಚಿತವಾಯಿತು. ಈ ಅರ್ಧ ದಿನದ ಕೆಲಸಕ್ಕೆ ಅವರು ಪಡೆದದ್ದು ಐನೂರು ರೂಪಾಯಿ.

ಮರುದಿನ ಆಯಿಲ್ ಚೇಂಬರ್ ಇಳಿಸಿದಾಗ ಅದರ ತಳದಲ್ಲಿ ಹೊಳೆಯುವ ಪುಡಿ ಕೂತಿತ್ತು. ಅದರ ಮೇಲೆ ಅಯಸ್ಕಾಂತ ಆಡಿಸಿದರೆ ಹೆಚ್ಚೇನೂ ಅಂಟಲಿಲ್ಲ. ಉದುರಿದ್ದು ಕಬ್ಬಿಣವಲ್ಲ, ಬೇರಿಂಗಿನ ಮೃದು ಲೋಹ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಬಿಚ್ಚಿದ ಬೇರಿಂಗಿನ ಅರ್ಧ ಬಳೆಯಂತಹ ಶೆಲ್ಲನ್ನು ನನ್ನ ಅಂಗೈಯಲ್ಲೇ ಇಟ್ಟರು. ಬೂದು ಪದರ ಸವೆದು, ಹಳೆಯ ತಾಮ್ರದ ಚೊಂಬಿನ ಬಣ್ಣ ಹೊರಗೆ ಬಂದಿತ್ತು. ಉಗುರಾಡಿಸಿದರೆ ಗೀರುಗಳು ಸಿಕ್ಕುತ್ತಿದ್ದವು. ಆ ಬೇರಿಂಗ್ ಕೂರುವ ಕ್ರ್ಯಾಂಕ್ ಪಿನ್ನಿಗೆ ಮೈಕ್ರೋಮೀಟರ್ ಹಿಡಿದಾಗ ಉದ್ದಕ್ಕೂ ಅಡ್ಡಕ್ಕೂ 0.07 ಮಿ.ಮೀ. ವ್ಯತ್ಯಾಸ ಕಂಡಿತು, ಪಿನ್ನು ದುಂಡಗೆ ಉಳಿದಿರಲಿಲ್ಲ. ಕೂದಲೆಳೆಯಷ್ಟೇ ಆದರೂ, ಹೊಸ ಶೆಲ್ ಹಾಕಿ ಸುಮ್ಮನಾದರೆ ಕೆಲವೇ ತಿಂಗಳಲ್ಲಿ ಮತ್ತೆ ಬಡಿತ ಶುರುವಾಗುತ್ತದೆಂದು ಹೇಳಿ, ಮೂರೂ ಪಿನ್‌ಗಳನ್ನು 0.25 ಮಿ.ಮೀ., ಅವರ ಮಾತಿನಲ್ಲಿ ಹತ್ತು ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಇಳಿಸಿ ಗ್ರೈಂಡ್ ಮಾಡಿಸಲು ಮೈಸೂರಿನ ಬನ್ನಿಮಂಟಪದ ಕಡೆಗೆ ಕಳುಹಿಸಿದರು.

ಮೂಲ ಕಾರಣ ನನ್ನದೇ ಅಲಕ್ಷ್ಯ ಎಂಬುದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಕೆಟ್ಟ ಮೇಲೆ ಗಂಟೆಗಳ ಲೆಕ್ಕವಿಲ್ಲದೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸುತ್ತಿದ್ದೆ. ಚೇಂಬರಿನೊಳಗೆ ಆಯಿಲ್ ಸೋಸುವ ಜಾಲರಿ ಡಾಂಬರಿನಂತಹ ಗಸಿಯಿಂದ ಕಟ್ಟಿಕೊಂಡಿತ್ತು. ಆಯಿಲ್ ಪ್ರೆಶರಿನ ಕೆಂಪು ದೀಪ ಎಂದೂ ಹೊತ್ತಿರಲಿಲ್ಲ, ಏಕೆಂದರೆ ಅದರ ಬಲ್ಬೇ ಸುಟ್ಟುಹೋಗಿತ್ತು.

ಜೋಡಣೆಯಲ್ಲಿ ಆತುರ ಕಾಣಲಿಲ್ಲ. ಕ್ರ್ಯಾಂಕಿನೊಳಗಿನ ಆಯಿಲ್ ದಾರಿಗಳನ್ನು ಡೀಸೆಲ್ ಮತ್ತು ಗಾಳಿ ಹೊಡೆದು ಸ್ವಚ್ಛಗೊಳಿಸಿದರು, ರಾಡಿನ ಬೋಲ್ಟ್‌ಗಳನ್ನು ಹೊಸದಾಗಿ ಹಾಕಿ ಟಾರ್ಕ್ ರೆಂಚಿನಿಂದಲೇ ಬಿಗಿದರು. ಲೈನರುಗಳನ್ನು ಅಳೆದು, ಸವೆತ ಮಿತಿಯೊಳಗಿದೆಯೆಂದು ಹಾಗೆಯೇ ಬಿಟ್ಟು ರಿಂಗುಗಳನ್ನು ಮಾತ್ರ ಬದಲಿಸಿದರು. ಆಯಿಲ್ ಪಂಪೂ ಸೇರಿ ಒಟ್ಟು ಖರ್ಚು 27,800 ರೂಪಾಯಿ.

ಅಸಮಾಧಾನಗಳೂ ಇವೆ. ನಾಲ್ಕು ದಿನವೆಂದವರು ಹನ್ನೊಂದು ದಿನ ತೆಗೆದುಕೊಂಡರು. ಗ್ರೈಂಡಿಂಗಿನಿಂದ ಕ್ರ್ಯಾಂಕ್ ಬಂದಿಲ್ಲ ಎಂಬುದನ್ನು ನಾನೇ ಫೋನ್ ಮಾಡಿ ತಿಳಿಯಬೇಕಾಯಿತು. ಹಾಗಾಗಿ ಯುಗಾದಿಯ ಮೊದಲ ಉಳುಮೆಯಾದ ಹೊನ್ನಾರಿಗೆ ಚಿಕ್ಕಪ್ಪನ ಮನೆಯ ಎತ್ತುಗಳನ್ನು ಕಟ್ಟಬೇಕಾಯಿತು (ಅಮ್ಮನಿಗೆ ಇದರಿಂದ ಸಂತೋಷವೇ ಆಯಿತೆನ್ನಿ). ಬಿಲ್ಲನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟರು, ಗ್ಯಾರಂಟಿ ಬಾಯಿಮಾತಿನದು. ಬ್ಯಾರಲಿನಿಂದ ಬಿಡಿ ಆಯಿಲ್ ಸುರಿಯಹೊರಟಾಗ ನಾನು ತಡೆದು, 15ಡಬ್ಲ್ಯು-40 ದರ್ಜೆಯ ಆಯಿಲಿನ ಸೀಲು ಒಡೆಯದ ಕ್ಯಾನ್ ತರಿಸಿದೆ. ಅಷ್ಟು ಅಳೆದು ತೂಗಿ ಕೆಲಸ ಮಾಡುವವರು ಇದೊಂದರಲ್ಲಿ ಏಕೆ ಉದಾಸೀನರೋ ತಿಳಿಯದು.

ರೋಟವೇಟರನ್ನು ಮೊದಲ ಐವತ್ತು ಗಂಟೆ ಕಟ್ಟಬೇಡಿ ಎಂದಿದ್ದರು, ಕಟ್ಟಲಿಲ್ಲ. ಅದಾದ ಮೇಲೆ ಆಯಿಲ್ ಬದಲಿಸುವಾಗ ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿದೆ, ಹೊಳಪಿನ ಪುಡಿ ಇರಲಿಲ್ಲ. ಅಲ್ಲಿಗೆ ಹೋಗುವವರು ನಾಕ್ ಹೊಡೆಯುವ ಎಂಜಿನ್ನನ್ನು ಓಡಿಸಿಕೊಂಡು ಹೋಗದೆ, ಗೂಡ್ಸ್ ಗಾಡಿಗೆ ಏರಿಸಿ ಬೆಳಿಗ್ಗೆ ಎಂಟರೊಳಗೆ ತಲುಪಿಸುವುದು ಒಳ್ಳೆಯದು. ಮೇಸ್ತ್ರಿಗೆ ತಣ್ಣನೆಯ ಎಂಜಿನ್ನಿನ ಮೊದಲ ಸದ್ದು ಕೇಳಲೇಬೇಕು, ಬಿಸಿಯಾದದ್ದನ್ನು ತಂದರೆ ನಾಳೆ ಬನ್ನಿ ಎನ್ನುತ್ತಾರೆ.