ಈಸಲು ಏಳುವ ಕಾಲದಲ್ಲಿ ಸಕಲೇಶಪುರದ ಕಡೆಯ ಒಂದು ಹೋಂಸ್ಟೇ

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟದ ನಡುವಿರುವ ಈ ಹೋಂಸ್ಟೇಗೆ ನಾವು ಹೋದದ್ದು ಮೇ ತಿಂಗಳ ಕೊನೆಯಲ್ಲಿ, ಕೃತ್ತಿಕೆ ಮುಗಿದು ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ. ಹಾಸಿಗೆ, ಬಿಸಿನೀರು, ಅಕ್ಕಿರೊಟ್ಟಿ ಎಲ್ಲವೂ ಚೆನ್ನಾಗಿವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಈ ದಿನಗಳಲ್ಲಿ ತೋಟದ ಮನೆಯೊಂದರ ಯೋಗ್ಯತೆ ಗೊತ್ತಾಗುವುದು ಅದು ಸಂಜೆಯ ಈಸಲು ಹುಳುಗಳನ್ನು ಹೇಗೆ ನಿಭಾಯಿಸುತ್ತದೆ ಎಂಬುದರಿಂದ, ಮತ್ತು ಆ ವಿಷಯದಲ್ಲಿ ಈ ಮನೆಯವರು ನಾನು ಕಂಡ ದುಬಾರಿ ರೆಸಾರ್ಟುಗಳಿಗಿಂತ ಜಾಣರು.

ಈಸಲು ಎಂದರೆ ರೆಕ್ಕೆ ಬಂದ ಗೆದ್ದಲು. ಮೊದಲ ಮಳೆಗಳಿಗೆ ಮಣ್ಣು ನೆನೆದು ಗಾಳಿ ನಿಂತ ಸಂಜೆ, ಹುತ್ತಗಳಿಂದ ಅವು ಒಂದೇ ಹೊತ್ತಿಗೆ ಸಾವಿರಗಟ್ಟಲೆ ಹೊರಬೀಳುತ್ತವೆ. ಜೋಡಿ ಹುಡುಕಿ ಹೊಸ ಗೂಡು ಹೂಡುವುದಷ್ಟೇ ಅವುಗಳ ಕೆಲಸ. ಕುಟುಕುವುದಿಲ್ಲ, ರೋಗ ಹರಡುವುದಿಲ್ಲ, ಸ್ವಲ್ಪ ಹೊತ್ತು ಹಾರಿ ನಾಲ್ಕೂ ರೆಕ್ಕೆ ಕಳಚಿಕೊಂಡು ನೆಲದಲ್ಲಿ ಒಂದರ ಹಿಂದೊಂದು ಹರಿದಾಡುತ್ತವೆ. ಬೆಳಕು ಕಂಡಲ್ಲಿಗೆ ನುಗ್ಗಿ, ತಟ್ಟೆ, ಲೋಟ, ತಲೆಗೂದಲು ಯಾವುದನ್ನೂ ಬಿಡದೆ ಬೀಳುವುದೇ ಅವುಗಳ ಕಾಟ. ಬಯಲುಸೀಮೆಯ ಹಳ್ಳಿಗಳಲ್ಲಿ ಇವನ್ನೇ ಹಿಡಿದು ಹುರಿದು ತಿನ್ನುವವರಿದ್ದಾರೆಂದು ಹೇಳಿದಾಗ ನಮ್ಮ ಜೊತೆಗಿದ್ದ ಹುಡುಗರು ಮುಖ ಕಿವಿಚಿದರು.

ಮಧ್ಯಾಹ್ನದ ಮಳೆ ಬಿಟ್ಟ ಕೂಡಲೇ ಮನೆಯ ಯಜಮಾನರು, “ಇವತ್ತು ಹುಳ ಏಳ್ತವೆ, ಊಟ ಎಂಟೂವರೆಯ ಮೇಲೆ ಇಟ್ಕೊಳ್ಳೋಣ” ಎಂದರು. ಕತ್ತಲಾಗುವ ಮುಂಚೆಯೇ ಜಗಲಿಯ ದೀಪಗಳನ್ನೆಲ್ಲ ಆರಿಸಿ, ಮನೆಯಿಂದ ದೂರಕ್ಕೆ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಒಂದು ಬಿಳಿ ಟ್ಯೂಬ್‌ಲೈಟ್ ಹಚ್ಚಿ, ಅದರ ಕೆಳಗೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟರು. ಬಿಳಿ, ನೀಲಿ ಛಾಯೆಯ ಬೆಳಕಿಗೆ ಹುಳುಗಳು ಹೆಚ್ಚು ಮುತ್ತುತ್ತವೆ, ಹಳದಿ ಬೆಳಕಿಗೆ ಕಡಿಮೆ. ಹೀಗಾಗಿ ಒಳಗೆ ಉರಿಯುತ್ತಿದ್ದದ್ದು ಮಂದವಾದ ಹಳದಿ ಬಲ್ಬುಗಳು ಮಾತ್ರ. ಬಾಗಿಲಡಿಯ ಸಂದಿಗೆ ಒದ್ದೆ ಗೋಣಿ ಒತ್ತಿದರು. ನಾವು ಕತ್ತಲ ಜಗಲಿಯಲ್ಲಿ ಕಾಫಿ ಕುಡಿಯುತ್ತ, ದೂರದ ಟ್ಯೂಬ್‌ಲೈಟಿನ ಸುತ್ತ ಕವಿದ ಹಿಂಡನ್ನೂ ಅದರಡಿಯಲ್ಲಿ ಹೊಟ್ಟೆ ಬಿರಿಯುವಂತೆ ತಿನ್ನುತ್ತಿದ್ದ ಕಪ್ಪೆಗಳನ್ನೂ ನೋಡುತ್ತಿದ್ದೆವು. ಊಟದ ಹೊತ್ತಿಗೆ ಗಲಾಟೆ ಅಡಗಿತ್ತು. ಊಟದ ಕೋಣೆಯ ಸೀಲಿಂಗ್ ಫ್ಯಾನನ್ನೂ ಅವರು ಹಾಕಲಿಲ್ಲ, ಏಕೆಂದರೆ ಅದರ ರೆಕ್ಕೆಗೆ ಸಿಕ್ಕ ಹುಳುಗಳೆಲ್ಲ ಸಾರಿನೊಳಗೇ ಉದುರುತ್ತವೆ. ಬದಲಿಗೆ ಒಂದು ಟೇಬಲ್ ಫ್ಯಾನನ್ನು ಬಾಗಿಲ ಕಡೆಗೆ ತಿರುಗಿಸಿಟ್ಟಿದ್ದರು. ಬೆಳಗ್ಗೆ ನೀರು ಚಿಮುಕಿಸಿ ಗುಡಿಸಿದರು. ಒಣ ನೆಲದಲ್ಲಿ ಪೊರಕೆ ಆಡಿಸಿದರೆ ಆ ರೆಕ್ಕೆಗಳು ಮನೆಯೆಲ್ಲ ಹಾರಾಡುತ್ತವೆ. ಪಾತ್ರೆಯಲ್ಲಿ ಬಿದ್ದದ್ದೆಲ್ಲ ಕೋಳಿಗಳ ಪಾಲಾಯಿತು.

ಇಷ್ಟೆಲ್ಲ ಎಚ್ಚರ ವಹಿಸುವ ಮನೆಯಲ್ಲಿ ಬಚ್ಚಲುಮನೆಯ ಗವಾಕ್ಷಿಗೆ ಜಾಲರಿ ಇಲ್ಲದಿರುವುದು, ಅಲ್ಲಿ ಬಿಳಿ ಎಲ್ಇಡಿ ಬಲ್ಬೇ ಇರುವುದು ವಿಚಿತ್ರ. ದೀಪ ಹಾಕಿದ ಕ್ಷಣದಿಂದ ಹುಳುಗಳು ಒಳಬಂದು ಬಕೆಟ್ಟಿನ ನೀರಿನ ಮೇಲೆ ರೆಕ್ಕೆಗಳ ಪದರವೇ ಕಟ್ಟಿತ್ತು. ಹೇಳಿದಾಗ ಯಜಮಾನರು ಬಲ್ಬನ್ನು ಕೂಡಲೇ ಬದಲಾಯಿಸಿದರು, ಜಾಲರಿಯನ್ನು ಮಳೆಗಾಲದ ನಂತರ ಹಾಕಿಸುವುದಾಗಿ ಹೇಳಿದರು; ಅದು ಬೇಕಾಗಿರುವುದು ಮಳೆಗಾಲಕ್ಕೇ. ಕೀಟನಾಶಕವನ್ನು ಮಾತ್ರ ಅವರು ಎಲ್ಲಿಯೂ ಸಿಂಪಡಿಸುವುದಿಲ್ಲ, ಅದು ಸರಿಯಾದ ನಿರ್ಧಾರ. ಒಂದೆರಡು ಗಂಟೆಯಲ್ಲಿ ತಾನಾಗಿ ಮುಗಿಯುವ ಕಾಟಕ್ಕೆ ಮಲಗುವ ಕೋಣೆಯಲ್ಲಿ ವಿಷದ ವಾಸನೆ ತುಂಬಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸೊಳ್ಳೆ ಬ್ಯಾಟೂ ಇಲ್ಲಿ ನಿರರ್ಥಕ, ಹತ್ತು ಸುಟ್ಟರೆ ನೂರು ಬರುತ್ತವೆ.

ಆದರೆ ಮಳೆಗಾಲದಲ್ಲಿ ದೀಪಕ್ಕೆ ಬರುವುದೆಲ್ಲವೂ ಈಸಲಲ್ಲ. ಕಿತ್ತಳೆ ಮತ್ತು ಕಪ್ಪು ಪಟ್ಟೆಯ, ಸಣಕಲಾದ ಒಂದು ಪುಟ್ಟ ಜೀರುಂಡೆಯೂ ಬರುತ್ತದೆ. ಅದು ಮೈಮೇಲೆ ಕೂತರೆ ಉಜ್ಜಬಾರದು, ಊದಿ ಓಡಿಸಬೇಕು, ಏಕೆಂದರೆ ಜಜ್ಜಿದಾಗ ಸೋರುವ ರಸದಿಂದ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ಈ ಎಚ್ಚರಿಕೆಯನ್ನು ಮನೆಯವರು ಅತಿಥಿಗಳಿಗೆ ಮೊದಲೇ ಹೇಳುವುದು ಒಳ್ಳೆಯದು.

ಹುಳುವೆಂದರೆ ಸಹಿಸದವರು ಏಪ್ರಿಲ್‌ನಿಂದ ಜೂನ್‌ವರೆಗೆ ಇತ್ತ ಬರದಿರುವುದೇ ವಾಸಿ. ಡಿಸೆಂಬರ್, ಜನವರಿಯಲ್ಲಿ ಇದೇ ಜಗಲಿಯಲ್ಲಿ ದೀಪ ಹಚ್ಚಿಕೊಂಡು ಕೂರಬಹುದು. ಮಳೆ ನೋಡಲೆಂದೇ ಬರುವವರು ಕಾಯ್ದಿರಿಸುವಾಗ ಬಚ್ಚಲುಮನೆಯ ಜಾಲರಿಯ ಬಗ್ಗೆ ಕೇಳಿ, ಎರಡು ಹಳದಿ ಬಲ್ಬು ಚೀಲದಲ್ಲಿಟ್ಟುಕೊಂಡು ಬರಲಿ.